ಒಂದು ಮರದಿಂದ ಇನ್ನೊಂದು ಮರಕ್ಕೆ

ನನಗೊಂದು ಹಾಡು ಇಷ್ಟವಾಯಿತೆಂದರೆ ಸುತ್ತಲಿನವರಿಗೆ ಗ್ರಹಚಾರ ಸುರುವಾಯಿತೆಂದೇ ಲೆಕ್ಕ. ಒಳ್ಳೆಯ ಹಾಡನ್ನು ಒಬ್ಬನೇ ಕೇಳಿ ಸುಮ್ಮನೆ ಕೂರುವ ಯೋಗ್ಯತೆಯನ್ನು ದೇವರು ನನಗೆ ಕೊಟ್ಟಿಲ್ಲ. ಹಲಸಿನ ಹಣ್ಣು ಕೊಯ್ದವರು ನೆರೆಕರೆಗೆ ನಾಲ್ಕು ಸೊಳೆ ಕೊಡದೆ ತಿನ್ನುತ್ತಾರೆಯೇ? ಇದೂ ಹಾಗೆಯೇ ಎಂದು ನನ್ನ ವಾದ. ಹಲಸಿನ ಹಣ್ಣು ಕೊಟ್ಟವರು ತಿನ್ನುವವರ ಬಾಯಿಯನ್ನೇ ನೋಡುತ್ತಾ ಎದುರು ಕೂರುವುದಿಲ್ಲ ಎಂದು ನನ್ನ ಹೆಂಡತಿ ಜಯಂತಿಯ ವಾದ. ಅವಳು ಹೇಳುವುದರಲ್ಲಿ ಸತ್ಯವಿದೆ. ನಾನು ಹಾಡು ಹಾಕಿ ಕೇಳುವವರ ಮುಖವನ್ನೇ ನೋಡುತ್ತೇನೆ. ಒಳ್ಳೆಯ ಸಾಲು ಬರುವ ಮೊದಲೇ "ಈಗ ಬರ್ತದೆ, ಈಗ ಬರ್ತದೆ" ಎಂದು ಎಚ್ಚರಿಸುತ್ತೇನೆ. ಸಾಲು ಬಂದಾಗ "ಕೇಳಿತಾ?" ಎನ್ನುತ್ತೇನೆ. ನನ್ನ ಆ ಒಂದು ಮಾತಿನಿಂದ ಸಾಲು ಅವರಿಗೆ ಕೇಳಿರುವುದಿಲ್ಲ.

ಪುತ್ತೂರಿನಲ್ಲಿ ನನ್ನದು ಮಿಕ್ಸಿ, ಗ್ರೈಂಡರ್ ರಿಪೇರಿಯ ಸಣ್ಣ ಅಂಗಡಿ. ಹಾಡಿನ ಹುಚ್ಚಿನವನಿಗೆ ಇದಕ್ಕಿಂತ ಕೆಟ್ಟ ಉದ್ಯೋಗ ಇನ್ನೊಂದಿಲ್ಲ. ಹಾಡು ಹದಕ್ಕೆ ಬರುವಾಗಲೇ ಯಾರದ್ದಾದರೂ ಮಿಕ್ಸಿ ಓಡಿಸಿ ನೋಡಬೇಕಾಗುತ್ತದೆ. ಹಾಡು ನಿಲ್ಲಿಸಿ, ಮಿಕ್ಸಿ ಗರಗರ ಅನ್ನಿಸಿ, ಮತ್ತೆ ಹಾಡು ಹಾಕಿ ಗಿರಾಕಿಯ ಮುಖ ನೋಡುತ್ತೇನೆ. ಗಿರಾಕಿ ಮಿಕ್ಸಿಯ ಮುಖ ನೋಡುತ್ತಿರುತ್ತಾರೆ.

ನನ್ನ ಆಯ್ಕೆಯೂ ಸ್ವಲ್ಪ ವಕ್ರವೇ. ಸಿನಿಮಾದ ಹಾಡು ನನಗೆ ಹತ್ತುವುದಿಲ್ಲ. ತಾವೇ ಬರೆದು, ತಾವೇ ರಾಗ ಹಾಕಿ, ಜಗಲಿಯಲ್ಲೋ ಕೋಳಿಗೂಡಿನ ಪಕ್ಕದಲ್ಲೋ ಕೂತು ಹಾಡಿ ಫೋನಿನಲ್ಲಿ ಬಿಡುತ್ತಾರಲ್ಲ, ಅಂಥವರ ಹಾಡು ಬೇಕು. ಒಬ್ಬ ಗಿಟಾರು ಹಿಡಿದು ಕರೆಂಟು ಹೋದ ದುಃಖವನ್ನು ತುಳುವಿನಲ್ಲಿ ಹಾಡುತ್ತಾನೆ. ಇನ್ನೊಬ್ಬಳು ಅರೆಭಾಷೆಯಲ್ಲಿ ಗಂಡನ ಬೈಕಿನ ಮೇಲೆ ಹಾಡು ಕಟ್ಟಿದ್ದಾಳೆ, ಹಿಂದಿನಿಂದ ನಾಯಿ ಬೊಗಳುವುದು ತಾಳ ತಪ್ಪದೆ ಕೇಳುತ್ತದೆ. ಕೇಳಿದವರ ಸಂಖ್ಯೆ ಕೆಳಗೆ ತೋರಿಸುತ್ತದೆ, ನಲವತ್ತೊಂದು. ಅದರಲ್ಲಿ ಹನ್ನೆರಡು ಸಲ ನಾನೇ. ಇಂಥ ಹಾಡು ಸಿಕ್ಕಿದ ದಿನ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊದಲು ಜಯಂತಿಗೆ ಕಳಿಸುತ್ತೇನೆ. ಅವಳಿಂದ ಉತ್ತರ ಬಂದದ್ದೇ ಇಲ್ಲ, ಒಂದು ಹೆಬ್ಬೆರಳೂ ಇಲ್ಲ. ಆಮೇಲೆ ಕುಟುಂಬದ ಗುಂಪು, ಶಾಲೆಯ ಹಳೆಯ ಗೆಳೆಯರ ಗುಂಪು, ವರ್ತಕರ ಗುಂಪು. ಕಳಿಸಿಯಾದ ಮೇಲೆ ಯಾರು ನೋಡಿದರು, ಯಾರು ನೋಡಿಲ್ಲ ಎಂದು ಹತ್ತು ಹತ್ತು ನಿಮಿಷಕ್ಕೆ ಫೋನು ತೆಗೆದು ನೋಡುವುದು. ನೋಡಿಯೂ ಏನೂ ಹೇಳದವರ ಮೇಲೆ ಎರಡು ದಿನ ಮುನಿಸು.

ಈ ರೋಗಕ್ಕೆ ಮೂಲವುಂಟು. ಪಿಯುಸಿ ಮುಗಿಸಿ ನಾನು ಮೂರು ವರ್ಷ ಭಾವನ ಕ್ಯಾಸೆಟ್ ಅಂಗಡಿಯಲ್ಲಿ ಕೂತಿದ್ದೆ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರವೇ ಅಂಗಡಿ. ಜನ ತಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು, ನಾವು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆವು. ಪಟ್ಟಿ ಯಾವಾಗಲೂ ಕ್ಯಾಸೆಟ್ಟಿಗಿಂತ ಉದ್ದ. ಆದ್ದರಿಂದ ಒಂದು ಹಾಡು ಮುಗಿದು ಇನ್ನೊಂದು ಸುರುವಾಗುವ ನಡುವೆ ಉಸಿರಾಡುವಷ್ಟೂ ಜಾಗ ಬಿಡಬಾರದೆಂದು ಭಾವನ ಕಟ್ಟಪ್ಪಣೆ. "ಖಾಲಿ ಓಡಿದರೆ ಗಿರಾಕಿ ಕ್ಯಾಸೆಟ್ ಹಾಳಾಗಿದೆ ಅಂತ ವಾಪಸು ತರ್ತಾನೆ ಮಾರಾಯ" ಎನ್ನುತ್ತಿದ್ದರು. ನಾನು ಆ ಕೆಲಸದಲ್ಲಿ ಎಷ್ಟು ಪಳಗಿದೆನೆಂದರೆ ಹಾಡಿನ ಕಡೆಯ ಅಕ್ಷರ ಬಿದ್ದೊಡನೆ ನನ್ನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತುತ್ತಿತ್ತು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಬೆರಳು ಮಾತ್ರ ಇನ್ನೂ ಹಾಗೆಯೇ ಇದೆ. ಯಾರಾದರೂ ಮಾತಾಡುತ್ತಾ ಒಂದು ಗಳಿಗೆ ನಿಲ್ಲಿಸಿದರೆ ಅವರ ವಾಕ್ಯವನ್ನು ನಾನೇ ಮುಗಿಸಿಬಿಡುತ್ತೇನೆ. ಸಾವಿನ ಮನೆಗೆ ಹೋದರೂ ಎಲ್ಲರೂ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಮಳೆಯ ಸುದ್ದಿ ಎತ್ತುತ್ತೇನೆ.

ಹೋದ ವರ್ಷ ಒಂದು ದಿನ ಸಕಲೇಶಪುರಕ್ಕೆ ಹೊರಟವನು ಗುಂಡ್ಯದಲ್ಲಿ ಸಿಕ್ಕಿಬಿದ್ದೆ. ಘಾಟಿಯಲ್ಲಿ ಒಂದು ಟ್ಯಾಂಕರು ಅಡ್ಡ ನಿಂತು ಎರಡೂ ಕಡೆ ಲಾರಿಗಳ ಸಾಲು. ಹೋಟೆಲಿನಲ್ಲಿ ಮೂರನೇ ಚಹಾ ಕುಡಿಯುತ್ತಿದ್ದಾಗ ಪಕ್ಕದ ಪಿಕಪ್ಪಿನಿಂದ ಒಂದು ಹೆಂಗಸಿನ ಸ್ವರ ಕೇಳಿತು. ವಾದ್ಯವಿಲ್ಲ, ತಾಳವಿಲ್ಲ. ಬರೀ ಒಂದು ಸಾಲು.

"ಒಂದನೇ ಮರವೇ, ನಿದ್ದೆ ಬಿಟ್ಟಿತಾ?"

ಆಮೇಲೆ ಏನೂ ಇಲ್ಲ. ತರಗೆಲೆ ತುಳಿದ ಹಾಗೆ ಚರಚರ ಸದ್ದು ಮಾತ್ರ. ಹಾಡು ಕೆಟ್ಟಿತೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬಂತು.

"ಎರಡನೇ ಮರವೇ, ನಿನ್ನೆಯ ಗಾಯ ಒಣಗಿತಾ?"

ನಾನು ಗ್ಲಾಸು ಕೆಳಗಿಟ್ಟು ಪಿಕಪ್ಪಿನ ಹತ್ತಿರ ಓಡಿದೆ. ಚಾಲಕ ನನ್ನನ್ನು ನೋಡಿ ಗಾಡಿ ತೆಗೆಯಲಿಕ್ಕೆ ಹೇಳಲು ಬಂದವನೆಂದು ಎಣಿಸಿದ. "ಎಲ್ಲಿಗೆ ತೆಗಿಯುದು ಸಾರ್, ಎದುರು ನೋಡಿ" ಎಂದ.

"ಗಾಡಿ ಅಲ್ಲ ಮಾರಾಯ್ರೆ, ಹಾಡು. ಯಾರದ್ದದು?"

"ಇದಾ? ನಮ್ಮ ಕೊಲ್ಲಮೊಗ್ರು ಕಡೆಯ ರಬ್ಬರ್ ಕಾಲೊನಿಯ ಸೆಲ್ವಿ ಅಂತ. ಟ್ಯಾಪಿಂಗ್ ಮಾಡುದು, ಮರ ಕೊಯ್ದು ಹಾಲು ತೆಗೆಯುದು. ಅವಳೇ ಕಟ್ಟಿ ಹಾಡುದು. ನಿಮಗೆ ಬೇಕಾ?"

ಬೇಕಾ ಎಂದು ಕೇಳುವುದೇ? ಅಲ್ಲೇ ನಿಂತು ತೆಗೆದುಕೊಂಡೆ, ಅಲ್ಲೇ ನಿಂತು ಜಯಂತಿಗೆ ಕಳಿಸಿದೆ. ಲಂಕೆಯಿಂದ ಬಂದ ತಮಿಳರನ್ನು ಸುಳ್ಯದ ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದ್ದು ಈಗ ಹಳೆಯ ಕತೆ. ಅವರ ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಮಾತಾಡಿಕೊಂಡು ಬೆಳೆದವರು. ಆ ಕಾಲೊನಿಯಲ್ಲಿ ಇಂಥವಳೊಬ್ಬಳು ಇರುವುದು ನನಗೆ, ಹಾಡಿನ ಸಿಐಡಿಗೆ, ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಗುಂಪುಗಳಿಗೆ ಕಳಿಸಲು ಹೊರಟಾಗ ಬೆರಳು ತಡೆಯಿತು. ಹಾಡು ನಾಲ್ಕು ನಿಮಿಷದ ಹತ್ತಿರ ಇತ್ತು, ಅದರಲ್ಲಿ ಹಾಡಿದ್ದು ಒಂದು ನಿಮಿಷಕ್ಕೂ ಕಡಿಮೆ. ಉಳಿದದ್ದೆಲ್ಲ ತರಗೆಲೆ. ನನ್ನ ಗುಂಪಿನವರು ಎಂಥವರೆಂದು ನನಗೆ ಗೊತ್ತು. ಮೊದಲ ಚರಚರಕ್ಕೇ ಮುಂದೆ ಹೋಗುವವರು. ಟ್ಯಾಂಕರು ಅಡ್ಡ ಇದ್ದದ್ದೂ ಕಾರಣ ಅನ್ನಿ, ಬೇರೆ ಕೆಲಸವೂ ಇರಲಿಲ್ಲ. ಹಾಡು ಕತ್ತರಿಸುವ ಒಂದು ಆ್ಯಪ್ ನನ್ನ ಫೋನಿನಲ್ಲಿದೆ. ಅದರಲ್ಲಿ ಸ್ವರ ಇರುವಲ್ಲಿ ಗೆರೆ ಗುಡ್ಡದ ಹಾಗೆ ಏಳುತ್ತದೆ, ಇಲ್ಲದಲ್ಲಿ ಚಪ್ಪಟೆ ಮಲಗುತ್ತದೆ. ನಾನು ಚಪ್ಪಟೆ ಇದ್ದಲ್ಲೆಲ್ಲ ಕತ್ತರಿಸಿದೆ. ಲಾರಿಗಳ ಹಾರ್ನಿನ ನಡುವೆ ಕಿವಿ ಎಲ್ಲಿ ಕೇಳಬೇಕು, ಬರೀ ಕಣ್ಣಿನಿಂದ ಕತ್ತರಿಸಿದೆ. ಐದು ಸಾಲು ಒಂದಕ್ಕೊಂದು ಅಂಟಿಕೊಂಡು ಐವತ್ತು ಸೆಕೆಂಡಿನ ಚೊಕ್ಕ ಹಾಡಾಯಿತು. ಕಡೆಯ ಸಾಲಂತೂ ಸಿಡಿಯಿತು.

"ಕಡೆಯ ಮರವೇ, ನನ್ನ ಮೇಲಿನ ಕೋಪ ಇಳಿಯಿತಾ?"

ಭಾವ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಪಿಕಪ್ಪಿನವನಿಗೂ ಚೊಕ್ಕ ಮಾಡಿದ್ದನ್ನು ಕೊಟ್ಟೆ. ಘಾಟಿ ಬಿಡುಗಡೆಯಾಗುವ ಮೊದಲೇ ಹಾಡು ಮೂರೂ ಗುಂಪು ದಾಟಿತ್ತು. ಮರುದಿನ ಫೋನಿನಲ್ಲಿ ಜಾಗ ತುಂಬಿದೆ ಎಂದು ಸೂಚನೆ ಬಂದಾಗ ಮೊದಲು ಅಳಿಸಿದ್ದು ಆ ನಾಲ್ಕು ನಿಮಿಷದ ಉದ್ದದ್ದನ್ನು. ಒಳ್ಳೆಯದು ಇರುವಾಗ ಹಾಳು ಯಾಕೆ?

ಜೀವಮಾನದಲ್ಲಿ ಮೊದಲ ಸಲ ನಾನು ಹಂಚಿದ ಹಾಡು ಓಡಿತು. ಯಾರೋ ಅದಕ್ಕೆ ನಾಸಿಕ್ ಬ್ಯಾಂಡಿನ ಪೆಟ್ಟು ಸೇರಿಸಿದರು. ಮದುವೆಯ ಹಿಂದಿನ ರಾತ್ರಿ ಮದರಂಗಿಯ ಮನೆಗಳಲ್ಲಿ ಹುಡುಗಿಯರು ಅದಕ್ಕೆ ಕುಣಿದರು. "ಕೋಪ ಇಳಿಯಿತಾ" ಎನ್ನುವಲ್ಲಿ ಮದುಮಗನ ಕಡೆಯವರು "ಇಳಿಯಿತು" ಎಂದು ಕೂಗುವ ಪದ್ಧತಿಯೂ ಸುರುವಾಯಿತು. ಗಂಡ ಹೆಂಡಿರ ಜಗಳದ ಹಾಡೆಂದೇ ಎಲ್ಲರೂ ತಿಳಿದರು, ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ. ಅಂಗಡಿಗೆ ಬಂದವರ ಮುಖ ಈಗ ನಾನು ನೋಡಬೇಕಾಗಿರಲಿಲ್ಲ, ಅವರೇ ನನ್ನ ಮುಖ ನೋಡಿ "ನೀವು ಕಂಡು ಹಿಡಿದದ್ದಂತೆ ಅಲ್ವಾ ಕುಶಾಲಣ್ಣ?" ಎನ್ನುತ್ತಿದ್ದರು. ನಾನು ಅಲ್ಲ ಎನ್ನಲಿಲ್ಲ.

ಒಂದು ಆದಿತ್ಯವಾರ ಕೊಲ್ಲಮೊಗ್ರಿಗೆ ಹೋಗಿ ಸೆಲ್ವಿಯನ್ನು ನೋಡಿದೆ. ಮೂವತ್ತೈದರ ಆಸುಪಾಸು, ಕೈಬೆರಳುಗಳ ತುದಿಯಲ್ಲಿ ರಬ್ಬರ್ ಹಾಲು ಒಣಗಿ ಕಪ್ಪು ಕಟ್ಟಿತ್ತು. ಅವಳ ಫೋನು ಹಾಲಿನ ಡ್ರಮ್ಮಿಗೆ ಬಿದ್ದು ಸತ್ತುಹೋಗಿತ್ತು. ಎತ್ತಿದಾಗ ಅದಕ್ಕೆ ರಬ್ಬರಿನ ಅಂಗಿ ಹೊಲಿಸಿದ ಹಾಗೆ ಇತ್ತಂತೆ, ನಗುತ್ತಾ ತೋರಿಸಿದಳು. ಅದರೊಳಗೆ ಇದ್ದ ಹಾಡುಗಳೆಲ್ಲ ಹೋದವು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಣ್ಣ, ನಿಮ್ಮ ಹತ್ತಿರ ಆ ಹಾಡು ಪೂರ್ತಿ ಉಂಟಾ?"

"ಪೂರ್ತಿ ಉಂಟು. ಅದಕ್ಕಿಂತ ಚೆಂದ ಮಾಡಿ ಇಟ್ಟಿದ್ದೇನೆ" ಎಂದೆ.

ಅಷ್ಟು ಹೇಳಿ ಸುಮ್ಮನೆ ಬರಬಹುದಿತ್ತು. ಸುಳ್ಯದಲ್ಲಿ ಒಂದು ಸಂಘದವರ ವಾರ್ಷಿಕೋತ್ಸವವಿತ್ತು, ಅಲ್ಲಿ ಅವಳನ್ನು ಹಾಡಿಸುತ್ತೇನೆಂದು ಒಪ್ಪಿಸಿಯೇ ಬಂದೆ. ಸೆಲ್ವಿಯ ಅಮ್ಮ ಭಾಗ್ಯಮ್ಮ ಒಳಗೇ ಇದ್ದರು. ಹೊರಗೆ ಬಂದು ನೀರು ಕೊಟ್ಟರು, ಮಾತಾಡಲಿಲ್ಲ. ಕಿವಿ ಮಂದ ಇರಬೇಕೆಂದು ನಾನೇ ತೀರ್ಮಾನ ಮಾಡಿದೆ.

ಕಾರ್ಯಕ್ರಮದ ದಿನ ಸೆಲ್ವಿ ನೀಲಿ ಸೀರೆ ಉಟ್ಟು ಅಮ್ಮನನ್ನೂ ಕರೆದುಕೊಂಡು ಬಂದಿದ್ದಳು. ಭಾಗ್ಯಮ್ಮ ಮೊದಲ ಸಾಲಿನಲ್ಲಿ, ನನ್ನಿಂದ ಎರಡು ಕುರ್ಚಿ ಆಚೆ. ನಾನು ಫೋನು ಎತ್ತಿ ಹಿಡಿದು ತಯಾರಾಗಿದ್ದೆ. ಸೆಲ್ವಿ ಮೊದಲ ಸಾಲು ಹಾಡಿದಳು, ಸಭೆ ಗುರುತು ಹಿಡಿದು ಖುಷಿಯಿಂದ ಗುಜುಗುಜು ಮಾಡಿತು. ಆಮೇಲೆ ಅವಳು ನಿಲ್ಲಿಸಿದಳು. ಮುಂದಿನ ಕುರ್ಚಿಗಳ ಕಡೆಗೇ ನೋಡುತ್ತಾ ನಿಂತಳು. ಒಂದು, ಎರಡು, ಐದು ಸೆಕೆಂಡು. ನನ್ನ ಬೆರಳು ತುರಿಸತೊಡಗಿತು. ಮೈಕಿನವನು ತನ್ನದೇ ತಪ್ಪೆಂದು ಸ್ವರ ಏರಿಸಿದ, ಅದು ಕೀ ಎಂದಿತು. ಹಿಂದಿನಿಂದ ಯಾರೋ "ಮರೆತುಹೋಯ್ತು ಪಾಪ" ಎಂದರು. ಜನ ಒಳ್ಳೆಯವರೇ, ಅವಳ ಸಹಾಯಕ್ಕೆ ಬಂದರು. ಚಪ್ಪಾಳೆಯ ಪೆಟ್ಟು ಹಾಕಿಕೊಂಡು ಎರಡನೇ ಮರದಿಂದ ಕಡೆಯ ಮರದವರೆಗೆ ತಾವೇ ಹಾಡಿದರು, ಮದರಂಗಿಯ ವೇಗದಲ್ಲಿ. "ಇಳಿಯಿತು" ಎಂಬ ಕೂಗೂ ಆಯಿತು. ಸೆಲ್ವಿ ಅಷ್ಟೂ ಹೊತ್ತು ಮೈಕು ಹಿಡಿದು ಸುಮ್ಮನೆ ನಿಂತಿದ್ದಳು. ಮುಗಿದ ಮೇಲೆ ಕೈಮುಗಿದು ಇಳಿದಳು.

ಸಂಘದ ಕಾರ್ಯದರ್ಶಿ ನನ್ನ ಹತ್ತಿರ ಬಂದು "ಎಂತ ಆಯ್ತು?" ಎಂದು ಕೇಳಿದರು.

"ಕಾಲೊನಿಯವಳಲ್ವಾ, ಸ್ಟೇಜಿನ ಹೆದರಿಕೆ" ಎಂದೆ.

ತಿರುಗಿ ನೋಡಿದರೆ ಸೆಲ್ವಿ ನನ್ನ ಹಿಂದೆಯೇ ಇದ್ದಳು, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಅಮ್ಮನ ಕೈ ಹಿಡಿಯಲು ಹೋದಳು. ಭಾಗ್ಯಮ್ಮ ಕೈ ಬಿಡಿಸಿಕೊಂಡು ಮುಂದೆ ನಡೆದರು.

ಅಲ್ಲಿಂದ ನನ್ನ ನೆಮ್ಮದಿ ಕೆಟ್ಟಿತು. ನಾನು ತಪ್ಪು ಮಾಡಿದ್ದೇನೆಂದು ಗೊತ್ತು, ಏನು ತಪ್ಪೆಂದು ಗೊತ್ತಿಲ್ಲ. ಹಲ್ಲಿನಲ್ಲಿ ಸಿಕ್ಕಿದ ಮಾವಿನ ನಾರಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ. ಹೊಸ ಹಾಡು ಹಾಕಿದರೆ ಅರ್ಧಕ್ಕೆ ನಿಲ್ಲಿಸುತ್ತಿದ್ದೆ. ಇನ್ನೊಂದು ಹಾಕುತ್ತಿದ್ದೆ, ಅದನ್ನೂ ನಿಲ್ಲಿಸುತ್ತಿದ್ದೆ. ಒಬ್ಬರ ಮಿಕ್ಸಿಯ ಜಾರು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ.

ಹದಿನೈದು ದಿನ ಕಳೆದು ಗ್ರೈಂಡರ್ ಒಂದನ್ನು ಮುಟ್ಟಿಸಲು ಕಡಬಕ್ಕೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಸೆಲ್ವಿ ಕಂಡಳು. ಹೊಸ ಟ್ಯಾಪಿಂಗ್ ಕತ್ತಿ ಕೊಳ್ಳಲು ಬಂದಿದ್ದಳು. ತಪ್ಪಿಸಿಕೊಳ್ಳೋಣವೆಂದು ಕಾಲು ಹೇಳಿತು, ಬಾಯಿ ಮೊದಲೇ ಕರೆದಾಗಿತ್ತು. ಅವಳು ಸಿಟ್ಟಿನಿಂದ ಮಾತಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ನನಗೆ ಸ್ಟೇಜಿನ ಹೆದರಿಕೆ ಎಂತದೂ ಇಲ್ಲ ಅಣ್ಣ. ನಾನು ಅಮ್ಮ ಹೇಳ್ತಾರಾ ಅಂತ ನೋಡಿದ್ದು."

"ಅಮ್ಮ ಎಂತ ಹೇಳುದು?"

"ಅದು ಇಬ್ಬರ ಹಾಡಲ್ವಾ? ನಾನು ಮರಗಳ ಈ ಸಾಲು, ಅಮ್ಮ ಆಚೆ ಸಾಲು. ಬೆಳಿಗ್ಗೆ ಹೋಗುವಾಗ ಕತ್ತಲೆ ಇರ್ತದೆ, ಆನೆ ಬರುವ ಜಾಗ. ಅದಕ್ಕೆ ನಾವು ಕೂಗಿಕೊಳ್ಳುದು. ನಾನು ಒಂದು ಮರ ಕೊಯ್ದು ಕೇಳ್ತೇನೆ, ಮುಂದಿನ ಮರಕ್ಕೆ ನಡೆಯುವಾಗ ಅಮ್ಮ ಆಚೆಯಿಂದ 'ಆಚ್ಚು' ಅಂತಾರೆ. ಆಯಿತು ಅಂತ ಅರ್ಥ. ಸ್ವರ ಬಂದರೆ ಅಮ್ಮ ಇದ್ದಾರೆ, ಇಲ್ಲದಿದ್ದರೆ ನಾನು ಓಡ್ಬೇಕು. ಕೂಗಿ ಕೂಗಿಯೇ ಅದು ಹಾಡಾದದ್ದು. ಅಮ್ಮ ರಿಟೈರ್ ಆಗುವ ಕಡೆಯ ವಾರ ನಾನು ಫೋನು ಸೊಂಟಕ್ಕೆ ಕಟ್ಟಿಕೊಂಡು ರೆಕಾರ್ಡ್ ಮಾಡಿದ್ದು."

ನನ್ನ ಕಿವಿಯಲ್ಲಿ ಗುಂಡ್ಯದ ಲಾರಿಗಳೆಲ್ಲ ಒಟ್ಟಿಗೆ ಹಾರ್ನು ಹಾಕಿದವು.

"ಈಗ ಬಸ್ಸಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ ಆ ಹಾಡು ಉಂಟು. ಅದರಲ್ಲಿ ಅಮ್ಮ ಇಲ್ಲ. ಅಮ್ಮ ಎಣಿಸಿದ್ದು ನಾನೇ ತೆಗೆಸಿದ್ದು ಅಂತ, ಹೆಸರು ನನಗೊಬ್ಬಳಿಗೇ ಬರ್ಲಿ ಅಂತ. 'ನಲವತ್ತು ವರ್ಷ ಕೂಗಿದೆ, ಕೆಲಸದಿಂದ ತೆಗೆದ ಕೂಡಲೇ ಸ್ವರವನ್ನೂ ತೆಗೆದಿಯಾ' ಅಂತ ಒಂದು ಸಲ ಕೇಳಿದರು. ಆಮೇಲೆ ಮಾತಿಲ್ಲ. ಎರಡು ತಿಂಗಳಾಯ್ತು. ಒಂದೇ ಮನೆಯಲ್ಲಿ ಇಬ್ಬರೇ ಇರುದು ನಾವು." ಅವಳು ಕತ್ತಿಯ ಕಾಗದವನ್ನು ಬಿಚ್ಚಿ ಮತ್ತೆ ಸುತ್ತಿದಳು. "ನಿಮ್ಮ ಹತ್ತಿರ ಪೂರ್ತಿ ಉಂಟು ಅಂದಿದ್ರಲ್ಲ. ಅದನ್ನು ಅಮ್ಮನಿಗೆ ಒಂದು ಸಲ ಕೇಳಿಸ್ಬೇಕು."

ಕತ್ತರಿಸಿದ್ದು ನಾನೇ ಎಂದು ಅಲ್ಲೇ ಹೇಳಬೇಕಿತ್ತು. ಯಾರ ಬಾಯಿಯಿಂದಲೂ ಮಾತು ಪೂರ್ತಿ ಹೊರಡಲಿಕ್ಕೆ ಬಿಡದ ನನಗೆ ಅವತ್ತು ಒಂದು ವಾಕ್ಯವೂ ಹೊರಡಲಿಲ್ಲ. ಸುಬ್ರಹ್ಮಣ್ಯದ ಬಸ್ಸು ಬಂತು. "ಆದಿತ್ಯವಾರ ತರ್ತೇನೆ" ಎಂದು ಅಳಿಸಿಹಾಕಿದ ಹಾಡಿನ ಬಗ್ಗೆ ಮಾತು ಕೊಟ್ಟು ಅವಳನ್ನು ಹತ್ತಿಸಿದೆ.

ಇದರಲ್ಲಿ ನನಗೆ ಹೆಚ್ಚು ನಾಚಿಕೆಯಾದ ವಿಷಯ ಬೇರೆಯೇ ಇದೆ. ನಾನು ಭತ್ತದ ನೇಜಿ ನೆಡುವ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಗದ್ದೆಯ ಬದಿಯ ಹುಣಿಯಲ್ಲಿ ಕೂತು ನನ್ನ ಸೋದರತ್ತೆ ಹಾಡು ಎತ್ತುವುದನ್ನೂ ಉಳಿದ ಹೆಂಗಸರು ಬಗ್ಗಿದಲ್ಲಿಂದಲೇ ಅದಕ್ಕೆ ಓಗೊಡುವುದನ್ನೂ ಕೇಳುತ್ತಾ ಬೆಳೆದವನು. ಅತ್ತೆ ಒಂದು ಸಾಲು ಹೇಳಿ ನಿಲ್ಲಿಸುತ್ತಿದ್ದರು. ಒಮ್ಮೆ ಆ ನಿಲುಗಡೆಯಲ್ಲಿ ನಾನು ನಡುವೆ ಬಾಯಿ ಹಾಕಿ ಮುಂದಿನ ಸಾಲು ಕೂಗಿದ್ದಕ್ಕೆ ಕೆಸರಿನ ಕೈಯಲ್ಲೇ ಕಿವಿ ಹಿಂಡಿದ್ದರು. "ಅದು ಅವರ ಪಾಲು" ಎಂದಿದ್ದರು. ಕಿವಿ ಹಿಂಡಿಸಿಕೊಂಡರೂ ಬುದ್ಧಿ ಒಳಗೆ ಹೋಗಿರಲಿಲ್ಲ ಎಂದಾಯಿತು.

ನಾಲ್ಕು ದಿನ ನಾನು ಹುಡುಕಿದ ಹಾಗೆ ಪೊಲೀಸರೂ ಹುಡುಕಿರಲಿಕ್ಕಿಲ್ಲ. ಪಿಕಪ್ಪಿನವನನ್ನು ಹಿಡಿಯಲು ಗುಂಡ್ಯಕ್ಕೆ ಎರಡು ಸಲ ಹೋದೆ. ಸಿಕ್ಕಿದವನು "ಅದು ಉದ್ದದ್ದು ತೆಗೆದೆ ಸಾರ್, ನೀವು ಕೊಟ್ಟದ್ದೇ ಒಳ್ಳೆದುಂಟಲ್ಲ" ಎಂದು ನನ್ನನ್ನೇ ಹೊಗಳಿದ. ಅವನಿಗೆ ಕೊಟ್ಟವನ ಹತ್ತಿರ ಚಿಕ್ಕದು. ಕಾಲೊನಿಯ ಅಂಗಡಿಯಲ್ಲೂ ಚಿಕ್ಕದು. ನನ್ನ ಮೂರು ಗುಂಪುಗಳಿಗೆ "ಉದ್ದದ್ದು ಯಾರ ಹತ್ತಿರವಾದರೂ ಉಂಟಾ" ಎಂದು ಬರೆದೆ. ಹದಿನೇಳು ಜನ ಚಿಕ್ಕದ್ದನ್ನು ಕಳಿಸಿ ಹೆಬ್ಬೆರಳು ತೋರಿಸಿದರು. ಲೋಕಕ್ಕೆಲ್ಲ ಹಂಚಿದವನ ಕೈಯಲ್ಲಿ ಬೇಕಾದದ್ದು ಮಾತ್ರ ಇರಲಿಲ್ಲ.

ಶನಿವಾರ ಮಧ್ಯಾಹ್ನ ನರಿಮೊಗರಿನ ನಮ್ಮ ಮನೆಯಲ್ಲಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ತಿರುಗುತ್ತಿದ್ದೆ. ಜಯಂತಿ ಚಾವಡಿಯ ಮೂಲೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು.

"ಎಂತ ಕಳೆದುಹೋಗಿದೆ ನಿಮ್ಮದು? ಒಂದು ಕಡೆ ಕೂತುಕೊಳ್ಳಿ, ನನಗೆ ದಾರ ತಪ್ಪುತ್ತದೆ" ಎಂದಳು.

ಹೇಳಿದೆ. ಕತ್ತರಿಸಿದ್ದು, ಅಳಿಸಿದ್ದು, ಸುಳ್ಯದಲ್ಲಿ ಹೇಳಿದ ಸುಳ್ಳು, ಕಡಬದಲ್ಲಿ ಹೇಳದ ಸತ್ಯ, ಎಲ್ಲ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಸೂಜಿಯಿಂದ ದಾರ ತೆಗೆದು ಕೇಳಿದಳು.

"ಆ ಮರದ ಹಾಡಾ? ಒಬ್ಬರು ಮುದುಕಿಯೂ ಇದ್ದಾರಲ್ಲ ಅದರಲ್ಲಿ?"

ಒಮ್ಮೆಯೂ ಉತ್ತರ ಕೊಡದ ಅವಳಿಗೆ ಕಳಿಸಿದ್ದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ನೀನು ಕೇಳಿದ್ದೀಯಾ?"

"ಕೇಳದೆ? ನೀವು ಕಳಿಸಿದ್ದೆಲ್ಲ ಕೇಳ್ತೇನೆ. ನೀವು ಅಂಗಡಿಗೆ ಹೋದ ಮೇಲೆ. ಎದುರು ಕೂತು ಕಣ್ಣು ಬಿಟ್ಟು ನೋಡಿದರೆ ನನಗೆ ಕಿವಿ ಕೇಳುದಿಲ್ಲ."

"ಮತ್ತೆ ಒಂದು ದಿನವೂ ಹೇಳ್ಲಿಲ್ಲ?"

"ಹೇಳಿದರೆ ಮರುದಿನದಿಂದ ಹತ್ತರ ಬದಲು ಇಪ್ಪತ್ತು ಕಳಿಸ್ತೀರಿ ಅಂತ."

ಅವಳ ಫೋನಿನಲ್ಲಿ ಎಂಟು ವರ್ಷದ ನನ್ನ ಹಾಡುಗಳಿದ್ದವು. ಒಂದನ್ನೂ ಅಳಿಸಿರಲಿಲ್ಲ. ನಾನು ಮರೆತ ಹಾಡುಗಳು, ನಾನು ಯಾರಿಗೂ ಕಳಿಸಿಲ್ಲವೆಂದು ತಿಳಿದಿದ್ದ ಹಾಡುಗಳು. ನನ್ನ ಕಣ್ಣು ತುಂಬಿತು, ಅದನ್ನು ಮುಚ್ಚಲು ಮೂಗು ಉಜ್ಜಿದೆ. ಅವಳು ಮೆಷಿನ್ನಿನ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿ, ಹುಡುಕಿ, ಹಾಕಿದಳು. ಒಂದನೇ ಮರ. ತರಗೆಲೆ. ನಾನು ಬಾಯಿ ತೆರೆದೆ, ಅವಳು ತುಟಿಯ ಮೇಲೆ ಬೆರಳಿಟ್ಟಳು. ಹತ್ತು ಹೆಜ್ಜೆಯಷ್ಟು ಚರಚರವಾದ ಮೇಲೆ, ಬಹಳ ದೂರದಿಂದ, ಮಂಜಿನ ಆಚೆಯಿಂದ ಬಂದ ಹಾಗೆ ಒಂದು ಸ್ವರ.

"ಆಚ್ಚು."

ನಾಲ್ಕು ಮರಕ್ಕೂ ಇತ್ತು. ಐದನೆಯದಕ್ಕೆ, ಕೋಪ ಇಳಿಯಿತಾ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರವಿರಲಿಲ್ಲ. ತನ್ನ ಸಾಲು ಮುಗಿದ ಕೂಡಲೇ ಸೆಲ್ವಿ ರೆಕಾರ್ಡ್ ನಿಲ್ಲಿಸಿರಬೇಕು, ಹಾಡು ಅಲ್ಲಿಗೇ ನಿಂತಿತ್ತು.

ಮರುದಿನ ನಾವಿಬ್ಬರೂ ಕೊಲ್ಲಮೊಗ್ರಿಗೆ ಹೋದೆವು. ಫೋನು ಜಯಂತಿಯ ಚೀಲದಲ್ಲೇ ಇತ್ತು. ದಾರಿಯಲ್ಲಿ ಒಮ್ಮೆ ನನ್ನ ಕೈಗೆ ಕೊಡು ಎಂದದ್ದಕ್ಕೆ "ನಿಮ್ಮ ಬೆರಳನ್ನು ನಂಬುದು ಹೇಗೆ?" ಎಂದಳು. ಕಾಲೊನಿಯ ಮನೆಯ ಮೆಟ್ಟಿಲ ಮೇಲೆ ಭಾಗ್ಯಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಸೆಲ್ವಿ ಬಾಗಿಲಿನೊಳಗೆ ನಿಂತಿದ್ದಳು. ಕಿವಿ ಮಂದವೆಂದು ನಾನು ತೀರ್ಮಾನಿಸಿದ್ದೆನಲ್ಲ, ನಮ್ಮ ಚಪ್ಪಲಿ ಸದ್ದು ಗೇಟಿನಲ್ಲಿ ಕೇಳಿದಾಗಲೇ ಅವರು ತಲೆ ಎತ್ತಿದ್ದರು.

ನಾನು ನಿಂತೇ ಹೇಳಿದೆ. "ಅಮ್ಮ, ನಿಮ್ಮ ಸ್ವರ ತೆಗೆದದ್ದು ಸೆಲ್ವಿ ಅಲ್ಲ. ನಾನು. ಗುಂಡ್ಯದಲ್ಲಿ ಹೊತ್ತು ಹೋಗದೆ ಕತ್ತರಿಸಿದೆ. ಅಲ್ಲಿ ಸ್ವರ ಉಂಟು ಅಂತಲೇ ನನಗೆ ಕೇಳಿರಲಿಲ್ಲ. ಸುಳ್ಯದಲ್ಲಿ ಇವಳಿಗೆ ಹೆದರಿಕೆ ಅಂತ ಹೇಳಿದ್ದೂ ನಾನೇ."

ಸೆಲ್ವಿ ನನ್ನನ್ನು ನೋಡಿದಳು. ಭಾಗ್ಯಮ್ಮ ಎಣ್ಣೆಯ ಕೈ ಒರೆಸಿಕೊಂಡು "ಎಂತಕ್ಕೆ ಕತ್ತರಿಸಿದ್ದು?" ಎಂದು ಕೇಳಿದರು.

"ಖಾಲಿ ಉಂಟು ಅಂತ ಎಣಿಸಿದೆ."

"ಖಾಲಿ" ಎಂದು ಅವರು ಆ ಮಾತನ್ನು ಒಮ್ಮೆ ಹೇಳಿ ನೋಡಿದರು. ಬೈಯಲಿಲ್ಲ. ಆಮೇಲೆ ಜಯಂತಿಯ ಕಡೆ ತಿರುಗಿ "ಹಾಕಿ" ಎಂದರು.

ಜಯಂತಿ ಫೋನನ್ನು ಮೆಟ್ಟಿಲ ಮೇಲಿಟ್ಟಳು. ನಾನು ಮುಖ ತಿರುಗಿಸಿದೆ. ನನ್ನ ಜೀವಮಾನದಲ್ಲಿ ಹಾಡು ಕೇಳುವವರ ಮುಖ ನೋಡದೆ ಕೂತದ್ದು ಅದೇ ಮೊದಲು. ಎದುರಿನ ಮನೆಯ ಹಗ್ಗದಲ್ಲಿ ಒಣಗಲು ಹಾಕಿದ್ದ ಅಂಗಿಗಳನ್ನು ಎಣಿಸಿದೆ, ಏಳು ಇದ್ದವು. ಕೈ ಎರಡನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದಿದ್ದೆ. ಒಂದನೇ ಮರ ಹೋಯಿತು, ಎರಡನೆಯದು ಹೋಯಿತು. ದೂರದ ಆ ಸ್ವರ ಬಂದಾಗಲೆಲ್ಲ ಬಾಗಿಲಿನ ಕಡೆಯಿಂದ ಬಳೆಯ ಸದ್ದು ಸ್ವಲ್ಪ ಹತ್ತಿರ ಬರುತ್ತಿತ್ತು. ನಾಲ್ಕನೆಯದಾಯಿತು. ಕಡೆಯ ಸಾಲು ಬಂತು.

"ಕಡೆಯ ಮರವೇ, ನನ್ನ ಮೇಲಿನ ಕೋಪ ಇಳಿಯಿತಾ?"

ಅಲ್ಲಿಗೆ ಫೋನು ಸುಮ್ಮನಾಯಿತು. ಮಳೆಯ ಸುದ್ದಿ ನನ್ನ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಹಗ್ಗದ ಅಂಗಿಗಳನ್ನು ಇನ್ನೊಮ್ಮೆ ಎಣಿಸಿದೆ. ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆಯುವಷ್ಟು ಹೊತ್ತಾಯಿತು, ಅದಕ್ಕಿಂತಲೂ ಹೆಚ್ಚಾಯಿತು. ನನ್ನ ಬೆನ್ನ ಹಿಂದೆ ಭಾಗ್ಯಮ್ಮ ಗಂಟಲು ಸರಿಮಾಡಿಕೊಂಡರು.

"ಆಚ್ಚು" ಎಂದರು.